ಡೇ ಕೇರ್ ಶಸ್ತ್ರಚಿಕಿತ್ಸೆ

ಡೇ ಕೇರ್ ಶಸ್ತ್ರಚಿಕಿತ್ಸೆ ಎಂದರೆ ರೋಗಿಯು ಆಸ್ಪತ್ರೆಗೆ ಬಂದ ದಿನವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರಾತ್ರಿ ಅಲ್ಲಿ ತಂಗದೆ ಮನೆಗೆ ಮರಳುವ ಚಿಕಿತ್ಸಾ ಪದ್ಧತಿ. ಇದನ್ನು ಹಗಲು ಶಸ್ತ್ರಚಿಕಿತ್ಸೆ ಅಥವಾ ಹೊರರೋಗಿ ಶಸ್ತ್ರಚಿಕಿತ್ಸೆ ಎಂದೂ ಕರೆಯಲಾಗುತ್ತದೆ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಚರ್ಮದಡಿಯ ಗಡ್ಡೆ, ಸಂತಾನಶಕ್ತಿ ಹರಣ ಮೊದಲಾದ ಅನೇಕ ಶಸ್ತ್ರಚಿಕಿತ್ಸೆಗಳು ಇಂದು ಈ ರೀತಿಯಲ್ಲಿ ನಡೆಯುತ್ತವೆ.

ಈ ಪದ್ಧತಿಯಲ್ಲಿ ಆಸ್ಪತ್ರೆಯ ವಾಸ ಕಡಿಮೆಯಾಗುತ್ತದೆ. ಆದರೆ ಆರೈಕೆಯ ಅಗತ್ಯ ಹಾಗೆಯೇ ಉಳಿಯುತ್ತದೆ. ಹಿಂದೆ ವಾರ್ಡಿನಲ್ಲಿ ದಾದಿಯರು ನೋಡಿಕೊಳ್ಳುತ್ತಿದ್ದ ನೋವು, ವಾಂತಿ, ರಕ್ತಸ್ರಾವ, ಜ್ವರ ಮುಂತಾದವುಗಳ ಮೇಲೆ ಕಣ್ಣಿಡುವ ಹೊಣೆ ಮನೆಯವರ ಪಾಲಿಗೆ ಬರುತ್ತದೆ. ಹೀಗಾಗಿ ಇದರ ಯಶಸ್ಸು ಶಸ್ತ್ರವೈದ್ಯರ ಕೈಚಳಕದಷ್ಟೇ ರೋಗಿಯ ಪೂರ್ವಸಿದ್ಧತೆ, ಜೊತೆಗಾರರು, ಮನೆಗೆ ಹೋಗುವ ದಾರಿ ಮತ್ತು ತೊಂದರೆಯಾದಾಗ ಆಸ್ಪತ್ರೆಗೆ ಮರಳಿ ಬರಲು ಬೇಕಾಗುವ ಸಮಯ ಇವುಗಳನ್ನೂ ಅವಲಂಬಿಸಿದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಕೆದಂಬಾಡಿಯಂತಹ, ತೋಟಗಳ ನಡುವೆ ಮನೆಗಳು ದೂರ ದೂರ ಇರುವ ಗ್ರಾಮಗಳಲ್ಲಿ ಈ ಅಂಶಗಳಿಗೆ ಹೆಚ್ಚಿನ ಮಹತ್ವವಿದೆ.

## ವ್ಯಾಖ್ಯೆ

ಭಾರತದ ಆರೋಗ್ಯ ವಿಮಾ ನಿಯಮಗಳ ಪ್ರಕಾರ, ತಾಂತ್ರಿಕ ಪ್ರಗತಿಯ ಕಾರಣದಿಂದ 24 ಗಂಟೆಗಳಿಗಿಂತ ಕಡಿಮೆ ಅವಧಿಯಲ್ಲಿ, ಸಂಪೂರ್ಣ ಅಥವಾ ಸ್ಥಳೀಯ ಅರಿವಳಿಕೆಯ ಅಡಿಯಲ್ಲಿ, ಆಸ್ಪತ್ರೆ ಅಥವಾ ಡೇ ಕೇರ್ ಕೇಂದ್ರದಲ್ಲಿ ನಡೆಯುವ ಚಿಕಿತ್ಸೆಯು ಡೇ ಕೇರ್ ಚಿಕಿತ್ಸೆ ಎನಿಸುತ್ತದೆ. ಹೊರರೋಗಿ ವಿಭಾಗದಲ್ಲಿ ಕುರು ಒಡೆಯುವುದು, ಹೊಲಿಗೆ ಹಾಕುವುದು ಮೊದಲಾದ ಸಣ್ಣ ಕೆಲಸಗಳನ್ನು ಸಾಮಾನ್ಯವಾಗಿ ಇದರಲ್ಲಿ ಸೇರಿಸುವುದಿಲ್ಲ.

ಅರಿವಳಿಕೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಸ್ಥಳೀಯ ಅರಿವಳಿಕೆಯಲ್ಲಿ ಚುಚ್ಚುಮದ್ದು ಅಥವಾ ಹನಿಗಳ ಮೂಲಕ ಆ ಭಾಗವನ್ನಷ್ಟೇ ಮರಗಟ್ಟಿಸಲಾಗುತ್ತದೆ. ಪ್ರಾದೇಶಿಕ ಅರಿವಳಿಕೆಯಲ್ಲಿ ಬೆನ್ನಿಗೆ ಅಥವಾ ನರದ ಬಳಿಗೆ ಚುಚ್ಚುಮದ್ದು ನೀಡಿ ದೇಹದ ಒಂದು ಭಾಗದ ಸಂವೇದನೆಯನ್ನು ತಡೆಯಲಾಗುತ್ತದೆ. ಸಂಪೂರ್ಣ ಅರಿವಳಿಕೆಯಲ್ಲಿ ರೋಗಿಗೆ ಎಚ್ಚರವಿರುವುದಿಲ್ಲ. ರೋಗಿಯ ಸಿದ್ಧತೆಯೂ ಚೇತರಿಕೆಯೂ ಈ ಬಗೆಗೆ ತಕ್ಕಂತೆ ಬದಲಾಗುತ್ತವೆ.

## ಇತಿಹಾಸ

### ಜಾಗತಿಕ ಹಿನ್ನೆಲೆ

ಆಧುನಿಕ ಡೇ ಕೇರ್ ಶಸ್ತ್ರಚಿಕಿತ್ಸೆಯ ಮೊದಲ ದೊಡ್ಡ ದಾಖಲೆ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದಿದೆ. ಅಲ್ಲಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಜೇಮ್ಸ್ ನಿಕೋಲ್ 1909ರಲ್ಲಿ, ಹೊರರೋಗಿಗಳಾಗಿ ಬಂದ ಮಕ್ಕಳಿಗೆ ಮಾಡಲಾದ 8,988 ಶಸ್ತ್ರಚಿಕಿತ್ಸೆಗಳ ವರದಿಯನ್ನು ಪ್ರಕಟಿಸಿದರು. ಮಕ್ಕಳು ತಾಯಿಯ ಬಳಿ, ಮನೆಯಲ್ಲಿಯೇ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದು ಅವರ ವಾದದ ತಿರುಳು. ಅಮೆರಿಕದ ಅಯೋವಾ ರಾಜ್ಯದ ಸಿಯೂ ಸಿಟಿಯಲ್ಲಿ ರಾಲ್ಫ್ ವಾಟರ್ಸ್ 1910ರ ದಶಕದಲ್ಲಿ ಇಂತಹ ಚಿಕಿತ್ಸೆಗಾಗಿಯೇ ಅರಿವಳಿಕೆ ಕೇಂದ್ರವೊಂದನ್ನು ನಡೆಸಿದರು. 1970ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ವ್ಯಾಲೇಸ್ ರೀಡ್ ಮತ್ತು ಜಾನ್ ಫೋರ್ಡ್ ಆಸ್ಪತ್ರೆಯಿಂದ ಪ್ರತ್ಯೇಕವಾದ ಶಸ್ತ್ರಚಿಕಿತ್ಸಾ ಕೇಂದ್ರವನ್ನು ತೆರೆದರು. 1980ರ ದಶಕದಲ್ಲಿ ಬಳಕೆಗೆ ಬಂದ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧದಿಂದ ರೋಗಿಗಳು ಬೇಗ ಎಚ್ಚರಗೊಳ್ಳುವಂತಾಯಿತು. ಸಣ್ಣ ರಂಧ್ರಗಳ ಮೂಲಕ ನಡೆಯುವ ಲ್ಯಾಪರೊಸ್ಕೋಪಿಯಿಂದ ಗಾಯಗಳು ಚಿಕ್ಕದಾದವು. ಇವೆರಡೂ ಈ ಪದ್ಧತಿಯ ಹರಡುವಿಕೆಗೆ ನೆರವಾದವು.

### ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಜನಸಾಮಾನ್ಯರಿಗೆ ಹೆಚ್ಚು ಪರಿಚಿತವಾದ ಡೇ ಕೇರ್ ಶಸ್ತ್ರಚಿಕಿತ್ಸೆ ಕಣ್ಣಿನ ಪೊರೆಯದು. ಹಿಂದಿನ ವಿಧಾನದಲ್ಲಿ ಕಣ್ಣಿನ ಮಸೂರವನ್ನು ಇಡಿಯಾಗಿ ತೆಗೆಯಲು ದೊಡ್ಡ ಗಾಯ ಮಾಡಬೇಕಾಗಿತ್ತು. ರೋಗಿಯು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದೆ ಹಲವು ದಿನ ಮಲಗಿರಬೇಕಿತ್ತು. ಬಳಿಕ ಜೀವನವಿಡೀ ದಪ್ಪ ಗಾಜಿನ ಕನ್ನಡಕ ಧರಿಸಬೇಕಿತ್ತು. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ. ಸಿ. ಮೋದಿ (1916–2005) ಇಂತಹ ಕಾಲದಲ್ಲಿ ಊರೂರು ಸುತ್ತಿ ಉಚಿತ ಶಿಬಿರಗಳಲ್ಲಿ ಬಡವರ ಕಣ್ಣಿನ ಪೊರೆ ತೆಗೆದರು. ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಅವರ ಹೆಸರಿನಲ್ಲಿದೆ. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು.

ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿದರು. ಚಾರ್ಲ್ಸ್ ಕೆಲ್ಮನ್ 1967ರಲ್ಲಿ, ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೊ ವಿಧಾನವನ್ನು ಪರಿಚಯಿಸಿದರು. ಈ ಬೆಳವಣಿಗೆಗಳ ಫಲವಾಗಿ ಗಾಯ ಕೆಲವೇ ಮಿಲಿಮೀಟರುಗಳಿಗೆ ಇಳಿಯಿತು. ಹಲವು ದಿನಗಳ ವಾಸ ಕೆಲವು ಗಂಟೆಗಳಿಗೆ ಇಳಿಯಿತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಈ ಶಸ್ತ್ರಚಿಕಿತ್ಸೆ ಗ್ರಾಮೀಣ ಜನರಿಗೂ ಉಚಿತವಾಗಿ ದೊರೆಯುವಂತಾಯಿತು.

ಸಾಮೂಹಿಕ ಶಿಬಿರಗಳ ಅಪಾಯವೂ ಕಾಲಕ್ರಮದಲ್ಲಿ ಬೆಳಕಿಗೆ ಬಂದಿತು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಸಂತಾನಶಕ್ತಿ ಹರಣ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮನೆಗೆ ಮರಳಿದ ಮಹಿಳೆಯರು ಅಸ್ವಸ್ಥರಾಗಿ, 13 ಮಂದಿ ಮೃತಪಟ್ಟರು. ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರ ಸೆಪ್ಟೆಂಬರ್ 14ರಂದು ನಿರ್ದೇಶಿಸಿತು.

## ಪುತ್ತೂರು–ಸುಳ್ಯ ಪರಿಸರ

ಕೆದಂಬಾಡಿ ಗ್ರಾಮದ ಜನರ ಓಡಾಟದ ಕೇಂದ್ರ ತಿಂಗಳಾಡಿ. ಅಲ್ಲಿಂದ ಕುಂಬ್ರದ ಮೂಲಕ ಪುತ್ತೂರಿಗೂ, ಇನ್ನೊಂದು ದಿಕ್ಕಿನಲ್ಲಿ ಬೆಳ್ಳಾರೆಯ ಮೂಲಕ ಸುಳ್ಯದ ಕಡೆಗೂ ಹೋಗಬಹುದು. ಪುತ್ತೂರಿನಲ್ಲಿ ತಾಲ್ಲೂಕು ಸರ್ಕಾರಿ ಆಸ್ಪತ್ರೆ ಮತ್ತು ಹಲವು ಖಾಸಗಿ ಆಸ್ಪತ್ರೆಗಳಿವೆ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಪುತ್ತೂರಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರಿನಲ್ಲಿ 1848ರಲ್ಲಿ ಸ್ಥಾಪನೆಯಾದ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ ಹಾಗೂ ಹಲವು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಈ ಭಾಗದಲ್ಲಿ ಶಸ್ತ್ರಚಿಕಿತ್ಸೆಯ ದಿನವನ್ನು ಆರಿಸುವಾಗ ಕೃಷಿಯ ಕೆಲಸ ಮತ್ತು ಮಳೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮಳೆಗಾಲದ ಆರಂಭದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ, ಚಳಿಗಾಲದಿಂದ ಬೇಸಿಗೆಯವರೆಗೆ ಅಡಿಕೆ ಕೊಯ್ಲು ಮತ್ತು ಒಣಗಿಸುವ ಕೆಲಸ ಇರುತ್ತದೆ. ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಗೊನೆ, ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಎತ್ತುವಂತಿಲ್ಲ. ಆ ಅವಧಿಗೆ ಬದಲಿ ಜನರನ್ನು ಮೊದಲೇ ಗೊತ್ತುಮಾಡಿಕೊಳ್ಳದ ಕೃಷಿಕರು ಅವಧಿಗೆ ಮುನ್ನವೇ ಕೆಲಸಕ್ಕೆ ಇಳಿಯುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ತೋಟದ ಸಂಕ, ಮನೆಯಿಂದ ಹೊರಗಿರುವ ಬಚ್ಚಲು ಇವೆಲ್ಲ ಆಗತಾನೆ ಶಸ್ತ್ರಚಿಕಿತ್ಸೆ ಆದವರಿಗೆ ಜಾರಿ ಬೀಳುವ ತಾಣಗಳಾಗುತ್ತವೆ.

ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಅನುಕೂಲದ ತಿಂಗಳಿಗೆ ಮುಂದೂಡಬಹುದೇ ಎಂಬುದನ್ನು ವೈದ್ಯರಲ್ಲಿ ಕೇಳಿಯೇ ತೀರ್ಮಾನಿಸಬೇಕು. ಒಳಗೆ ಸೇರದೆ ಗಟ್ಟಿಯಾಗಿ ನೋಯುವ ಹರ್ನಿಯಾದಲ್ಲಿ ಕರುಳಿಗೆ ರಕ್ತಸಂಚಾರ ನಿಂತುಹೋಗಬಹುದು. ಅದು ತುರ್ತು ಸ್ಥಿತಿ, ಅದನ್ನು ಮುಂದೂಡುವಂತಿಲ್ಲ.

## ರೋಗಿಯ ಆಯ್ಕೆ

ಎಲ್ಲರಿಗೂ ಡೇ ಕೇರ್ ಶಸ್ತ್ರಚಿಕಿತ್ಸೆ ಸೂಕ್ತವಲ್ಲ. ಹತೋಟಿಗೆ ಬಾರದ ರಕ್ತದೊತ್ತಡ, ಮಧುಮೇಹ, ಉಬ್ಬಸ, ಇತ್ತೀಚಿನ ಹೃದಯಾಘಾತ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರನ್ನು ವೈದ್ಯರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಹುದು. ವಯಸ್ಸೊಂದೇ ಅಡ್ಡಿಯಲ್ಲ.

ದೇಹಸ್ಥಿತಿಯಷ್ಟೇ ಮನೆಯ ಸ್ಥಿತಿಯನ್ನೂ ಪರಿಗಣಿಸಲಾಗುತ್ತದೆ. ಮೊದಲ ರಾತ್ರಿ ಜೊತೆಗಿರಲು ಜವಾಬ್ದಾರಿಯುತ ವಯಸ್ಕರು, ಸಂಪರ್ಕಿಸಲು ದೂರವಾಣಿ, ಬೇಕೆಂದಾಗ ಸಿಗುವ ವಾಹನ ಇವು ಮುಖ್ಯ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು ವೃದ್ಧ ದಂಪತಿಗಳಷ್ಟೇ ಇರುವ ಮನೆ, ಮೊಬೈಲ್ ಸಿಗ್ನಲ್ ಸಿಗದ ತಗ್ಗಿನ ಮನೆ, ಮಳೆಗಾಲದಲ್ಲಿ ವಾಹನ ಬಾರದ ಮನೆ ಇಂತಹ ಸಂಗತಿಗಳನ್ನು ರೋಗಿಯೇ ತಿಳಿಸದಿದ್ದರೆ ವೈದ್ಯರಿಗೆ ಗೊತ್ತಾಗುವುದಿಲ್ಲ. ಇಂತಹ ಸಂದರ್ಭದಲ್ಲಿ ಆಸ್ಪತ್ರೆಯಲ್ಲೇ ಒಂದು ರಾತ್ರಿ ತಂಗುವುದು ಅಥವಾ ಪೇಟೆಯ ಸಂಬಂಧಿಕರ ಮನೆಯಲ್ಲಿ ಉಳಿದುಕೊಳ್ಳುವುದು ರೂಢಿಯಲ್ಲಿದೆ.

## ಪೂರ್ವಸಿದ್ಧತೆ

### ತಪಾಸಣೆ

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ರೋಗಿಯನ್ನು ಪರೀಕ್ಷಿಸುತ್ತಾರೆ. ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಮುಂತಾದ ಪರೀಕ್ಷೆಗಳು ವಯಸ್ಸು ಮತ್ತು ಕಾಯಿಲೆಗೆ ತಕ್ಕಂತೆ ನಡೆಯುತ್ತವೆ. ಹಿಂದಿನ ಶಸ್ತ್ರಚಿಕಿತ್ಸೆಗಳು, ಅರಿವಳಿಕೆಯಿಂದ ತನಗೋ ಮನೆತನದಲ್ಲಿ ಬೇರೆಯವರಿಗೋ ಆದ ತೊಂದರೆ, ಔಷಧಗಳ ಅಲರ್ಜಿ, ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇವುಗಳನ್ನು ರೋಗಿ ತಿಳಿಸಬೇಕಾಗುತ್ತದೆ. ಆ ವಾರದಲ್ಲಿ ಜ್ವರ, ಕೆಮ್ಮು, ಭೇದಿ ಅಥವಾ ಚರ್ಮದ ಹುಣ್ಣು ಕಾಣಿಸಿಕೊಂಡರೆ ಮೊದಲೇ ಕರೆ ಮಾಡಿ ತಿಳಿಸುವುದು ಸೂಕ್ತ; ದಿನ ಮುಂದೂಡಬೇಕಾಗಬಹುದು.

ಬಾಯಿ ತೆರೆದು ನಾಲಗೆ ಚಾಚಲು ಹೇಳಿ ಗಂಟಲನ್ನು ನೋಡುವುದು ಈ ಪರೀಕ್ಷೆಯ ಒಂದು ಭಾಗ. ಉಸಿರಾಟದ ನಳಿಕೆ ಹಾಕುವುದು ಎಷ್ಟು ಸುಲಭ ಎಂಬುದನ್ನು ಅಂದಾಜಿಸುವ ಈ ವಿಧಾನವನ್ನು 1985ರಲ್ಲಿ ವಿವರಿಸಿದವರು ಆಂಧ್ರ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ. ಅಡಿಕೆ ಬೆಳೆಯುವ ಪ್ರದೇಶದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ದೀರ್ಘಕಾಲ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡಸಾಗಿ, ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಉಂಟಾಗಬಹುದು. ಆಗ ನಳಿಕೆ ಹಾಕುವುದು ಕಷ್ಟವಾಗುವುದರಿಂದ ಅರಿವಳಿಕೆ ತಜ್ಞರು ಬೇರೆ ವಿಧಾನಕ್ಕೆ ಮೊದಲೇ ಸಿದ್ಧರಾಗಬೇಕಾಗುತ್ತದೆ. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಮದ್ಯ ಇವುಗಳ ಅಭ್ಯಾಸವನ್ನು ಸಂಕೋಚದಿಂದ ಮುಚ್ಚಿಟ್ಟರೆ ಅಪಾಯ ರೋಗಿಗೇ. ಧೂಮಪಾನವನ್ನು ಕೆಲವು ವಾರಗಳ ಮೊದಲೇ ಬಿಟ್ಟರೆ ಶ್ವಾಸಕೋಶದ ತೊಂದರೆ ಮತ್ತು ಗಾಯದ ಸೋಂಕು ಕಡಿಮೆಯಾಗುತ್ತವೆ.

### ಔಷಧಗಳು

ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು, ಸಾಧ್ಯವಾದರೆ ಮಾತ್ರೆಗಳ ಪಟ್ಟಿಗಳನ್ನೇ ಆಸ್ಪತ್ರೆಗೆ ಒಯ್ಯುವುದು ಉತ್ತಮ. ಆಯುರ್ವೇದದ ಕಷಾಯ, ಲೇಹ್ಯ, ಹೋಮಿಯೋಪಥಿ ಹಾಗೂ ನಾಟಿ ಮದ್ದು ಕೂಡ ಈ ಲೆಕ್ಕಕ್ಕೆ ಸೇರುತ್ತವೆ.

- ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮೊದಲಾದವುಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇವನ್ನು ನಿಲ್ಲಿಸಿದರೆ ಹೃದಯಾಘಾತವಾಗಬಹುದು. ನಿಲ್ಲಿಸದಿದ್ದರೆ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರಕ್ತಸ್ರಾವ ಹೆಚ್ಚಬಹುದು. ತೀರ್ಮಾನವನ್ನು ವೈದ್ಯರೇ ಕೈಗೊಳ್ಳಬೇಕು.
- ಮಧುಮೇಹದ ಮಾತ್ರೆ ಮತ್ತು ಇನ್ಸುಲಿನ್ ಪ್ರಮಾಣವನ್ನು ಉಪವಾಸದ ದಿನಕ್ಕೆ ಬದಲಾಯಿಸಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಸೂಚಿಸಲಾಗುತ್ತದೆ.
- ರಕ್ತದೊತ್ತಡದ ಹಲವು ಮಾತ್ರೆಗಳನ್ನು ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಂದಿಗೆ ಸೇವಿಸಲು ಹೇಳುತ್ತಾರೆ. ಯಾವುದನ್ನು ಸೇವಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು.
- ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಸೇವಿಸುವ ಪುರುಷರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ನೇತ್ರತಜ್ಞರಿಗೆ ತಿಳಿಸಬೇಕು. ಈ ಔಷಧದಿಂದ ಕಣ್ಣಿನ ಪಾಪೆಯ ಸುತ್ತಲಿನ ಪಟಲ ಸಡಿಲವಾಗಿ, ಶಸ್ತ್ರಚಿಕಿತ್ಸೆ ಕ್ಲಿಷ್ಟವಾಗಬಹುದು. ಹಿಂದೆ ಸೇವಿಸಿ ಈಗ ಬಿಟ್ಟವರಲ್ಲೂ ಇದು ಕಂಡುಬರುತ್ತದೆ.

### ಉಪವಾಸ

ಅರಿವಳಿಕೆಯಲ್ಲಿ ಗಂಟಲಿನ ರಕ್ಷಣಾ ಪ್ರತಿಕ್ರಿಯೆ ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ ಉಂಟಾಗಬಹುದು. ಈ ಕಾರಣದಿಂದ ಉಪವಾಸದ ನಿಯಮವಿದೆ. ವ್ಯಾಪಕವಾಗಿ ಪಾಲಿಸಲಾಗುವ ಕನಿಷ್ಠ ಅವಧಿಗಳು ಹೀಗಿವೆ:

- ನೀರು ಮುಂತಾದ ತಿಳಿ ದ್ರವ – 2 ಗಂಟೆ
- ತಾಯಿಯ ಎದೆಹಾಲು – 4 ಗಂಟೆ
- ಹಗುರವಾದ ಆಹಾರ, ಹಸುವಿನ ಹಾಲು – 6 ಗಂಟೆ
- ಕರಿದ ತಿಂಡಿ, ಮಾಂಸ, ಜಿಡ್ಡಿನ ಊಟ – 8 ಗಂಟೆ ಅಥವಾ ಹೆಚ್ಚು

ತಿಳಿ ದ್ರವ ಎಂದರೆ ಅದರ ಮೂಲಕ ನೋಡಿದಾಗ ಆಚೆ ಬದಿ ಕಾಣುವಂತಹ ದ್ರವ. ಹಾಲು ಹಾಕಿದ ಚಹಾ, ಕಾಫಿ, ಮಜ್ಜಿಗೆ, ರಾಗಿ ಅಂಬಲಿ ಮತ್ತು ಗಂಜಿಯ ತಿಳಿ ಇದರಲ್ಲಿ ಸೇರುವುದಿಲ್ಲ. ಬೆಳಿಗ್ಗೆ ಗಂಜಿ ಕುಡಿಯುವ ರೂಢಿಯಿರುವ ಕರಾವಳಿಯಲ್ಲಿ ಗಂಜಿತಿಳಿಯನ್ನು ನೀರೆಂದು ತಿಳಿಯುವುದು ಸಹಜವಾದರೂ ಅದರಲ್ಲಿ ಪಿಷ್ಟವಿರುತ್ತದೆ. ಎಲೆಯಡಿಕೆ ಜಗಿಯುವುದೂ ಉಪವಾಸದ ಭಂಗವೆಂದೇ ಪರಿಗಣಿತ. ಅದೇ ರೀತಿ, ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟದೆ ಮಧ್ಯಾಹ್ನದವರೆಗೆ ಕಾಯುವುದು ಅನಗತ್ಯ. ಮಕ್ಕಳು, ವೃದ್ಧರು ಹಾಗೂ ಮಧುಮೇಹಿಗಳಿಗೆ ಅದರಿಂದ ತೊಂದರೆಯಾಗುತ್ತದೆ. ಹನಿಗಳ ಅರಿವಳಿಕೆಯಲ್ಲಿ ಮಾಡುವ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹಲವು ಕಡೆ ಉಪವಾಸವನ್ನು ಕೇಳುವುದಿಲ್ಲ. ತಪ್ಪಿ ಏನಾದರೂ ತಿಂದಿದ್ದರೆ ಅದನ್ನು ಹೇಳಿಬಿಡಬೇಕು. ಕೆಲವು ಗಂಟೆ ತಡವಾಗಬಹುದು ಅಥವಾ ದಿನ ಬದಲಾಗಬಹುದು. ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

### ಒಪ್ಪಿಗೆ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕಾಯಿಲೆ ಏನು, ಏನು ಮಾಡುತ್ತಾರೆ, ಬೇರೆ ಮಾರ್ಗವಿದೆಯೇ, ಸಂಭವನೀಯ ತೊಂದರೆಗಳೇನು ಎಂಬುದನ್ನು ತಿಳಿಯುವ ಹಕ್ಕು ರೋಗಿಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸರ್ವೋಚ್ಚ ನ್ಯಾಯಾಲಯವು, ಒಂದು ಚಿಕಿತ್ಸೆಗೆ ನೀಡಿದ ಒಪ್ಪಿಗೆಯನ್ನು ಪ್ರಾಣ ಉಳಿಸುವ ತುರ್ತು ಇಲ್ಲದಿರುವಾಗ ಬೇರೊಂದು ಶಸ್ತ್ರಚಿಕಿತ್ಸೆಗೆ ಬಳಸುವಂತಿಲ್ಲ ಎಂದು ಹೇಳಿತು.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಂ ಮನೆಮಾತುಗಳಾಗಿವೆ. ಮುದ್ರಿತ ಪತ್ರದ ಭಾಷೆ ಅರ್ಥವಾಗದಿದ್ದರೆ, ಅದನ್ನು ತನ್ನ ಮಾತಿನಲ್ಲಿ ವಿವರಿಸುವಂತೆ ಕೇಳಬಹುದು. ಮನೆಯ ಹಿರಿಯರ ಪರವಾಗಿ ಮಕ್ಕಳೇ ಮಾತನಾಡುವ ಪದ್ಧತಿ ಇದ್ದರೂ, ತಿಳಿವಳಿಕೆಯುಳ್ಳ ವಯಸ್ಕ ರೋಗಿಯ ಒಪ್ಪಿಗೆಯನ್ನು ಆ ರೋಗಿಯೇ ನೀಡಬೇಕು.

## ಶಸ್ತ್ರಚಿಕಿತ್ಸೆಯ ದಿನ

ರೋಗಿಯು ಸ್ನಾನ ಮಾಡಿ, ಸಡಿಲವಾದ ಶುಭ್ರ ಬಟ್ಟೆ ತೊಟ್ಟು, ಹಳೆಯ ಚೀಟಿಗಳು, ಪರೀಕ್ಷೆಯ ವರದಿಗಳು, ಆಧಾರ್ ಮತ್ತು ಪಡಿತರ ಚೀಟಿ ಅಥವಾ ವಿಮೆಯ ಕಾರ್ಡಿನೊಂದಿಗೆ ಬರುವುದು ವಾಡಿಕೆ. ಕಣ್ಣಿಗೆ ಕಾಡಿಗೆ, ಉಗುರಿಗೆ ಬಣ್ಣ ಹಚ್ಚಿರಬಾರದು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕಕ್ಕೆ ಉಗುರುಬಣ್ಣ ಮತ್ತು ಗಾಢವಾದ ಮದರಂಗಿ ಅಡ್ಡಿಯಾಗಬಹುದು. ಬಳೆ, ಉಂಗುರ, ಕರಿಮಣಿ ಸರ, ಕಾಲುಂಗುರ ಮೊದಲಾದ ಲೋಹದ ಆಭರಣಗಳನ್ನು ತೆಗೆಯಲು ಹೇಳುವುದಕ್ಕೂ ಕಾರಣವಿದೆ: ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದಲ್ಲಿ ಸುಟ್ಟಗಾಯವಾಗಬಹುದು, ಬೆರಳು ಊದಿದರೆ ಉಂಗುರ ಬಿಗಿಯಬಹುದು. ಕರಿಮಣಿಯನ್ನು ತೆಗೆಯಲು ಮನಸ್ಸಾಗದವರು ಮೊದಲೇ ಸಿಬ್ಬಂದಿಗೆ ತಿಳಿಸಿ ಪರ್ಯಾಯವನ್ನು ಕೇಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ತಾಳೆಪಟ್ಟಿಯ ಪ್ರಕಾರ, ಅರಿವಳಿಕೆಗೆ ಮುನ್ನ ರೋಗಿಯ ಹೆಸರು, ಶಸ್ತ್ರಚಿಕಿತ್ಸೆಯ ಬಗೆ, ಅದು ನಡೆಯುವ ಭಾಗ, ಒಪ್ಪಿಗೆ ಮತ್ತು ಅಲರ್ಜಿಗಳನ್ನು ಖಚಿತಪಡಿಸಿಕೊಳ್ಳಬೇಕು. ಎಡಗಣ್ಣೋ ಬಲಗಣ್ಣೋ, ಎಡಭಾಗದ ಹರ್ನಿಯಾವೋ ಬಲಭಾಗದ್ದೋ ಎಂದು ಹಲವರು ಮತ್ತೆ ಮತ್ತೆ ಕೇಳುವುದು ಈ ಕ್ರಮದ ಭಾಗವೇ ಹೊರತು ಸಿಬ್ಬಂದಿಯ ಮರೆವಲ್ಲ. ಪ್ರತಿ ಬಾರಿಯೂ ರೋಗಿ ಸ್ಪಷ್ಟವಾಗಿ ಉತ್ತರಿಸುವುದು ಸುರಕ್ಷತೆಗೆ ನೆರವಾಗುತ್ತದೆ.

## ಬಿಡುಗಡೆ

ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ಚೇತರಿಕೆ ಕೊಠಡಿಯಲ್ಲಿ ಇರಿಸಿ ಗಮನಿಸಲಾಗುತ್ತದೆ. ಮನೆಗೆ ಕಳುಹಿಸಬಹುದೇ ಎಂಬುದನ್ನು ನಿರ್ಧರಿಸಲು ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ 1990ರ ದಶಕದಲ್ಲಿ ರೂಪಿಸಿದ ಅಂಕಪದ್ಧತಿ ಬಳಕೆಯಲ್ಲಿದೆ. ಅದರಲ್ಲಿ ನಾಡಿ ಮತ್ತು ರಕ್ತದೊತ್ತಡ, ನಡೆದಾಟ, ವಾಕರಿಕೆ ಮತ್ತು ವಾಂತಿ, ನೋವು, ರಕ್ತಸ್ರಾವ ಎಂಬ ಐದು ಅಂಶಗಳಿಗೆ ತಲಾ 2 ಅಂಕಗಳಿರುತ್ತವೆ. 10ರಲ್ಲಿ 9 ಅಥವಾ ಹೆಚ್ಚು ಅಂಕ ಪಡೆದ ರೋಗಿಯನ್ನು ಮನೆಗೆ ಕಳುಹಿಸಬಹುದು. ಬೆನ್ನಿಗೆ ಅರಿವಳಿಕೆ ಪಡೆದವರಿಗೆ ಕಾಲುಗಳ ಬಲ ಮರಳಿರಬೇಕು. ಇವರಲ್ಲಿ ಮತ್ತು ಹರ್ನಿಯಾ, ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ಆದವರಲ್ಲಿ ಮೂತ್ರ ಕಟ್ಟುವ ಸಾಧ್ಯತೆ ಇರುವುದರಿಂದ, ಹೊರಡುವ ಮೊದಲು ಮೂತ್ರವಿಸರ್ಜನೆ ಆಗಿದೆಯೇ ಎಂದು ವಿಚಾರಿಸಲಾಗುತ್ತದೆ.

ಬಿಡುಗಡೆಯ ಹೊತ್ತಿನಲ್ಲಿ ರೋಗಿಗೆ ಇನ್ನೂ ಮಂಪರು ಇರಬಹುದು. ಆಗ ಕೇಳಿದ ಮಾತು ಮರೆತುಹೋಗುತ್ತದೆ. ಆದ್ದರಿಂದ ಸೂಚನೆಗಳನ್ನು ಜೊತೆಗಾರರು ಕೇಳಿಸಿಕೊಂಡು ಬರೆದಿಟ್ಟುಕೊಳ್ಳಬೇಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಪಟ್ಟಿ ಯಾವಾಗ ಬಿಚ್ಚುವುದು, ಸ್ನಾನ ಯಾವಾಗ, ಮತ್ತೆ ಯಾವಾಗ ಬರುವುದು, ರಾತ್ರಿ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡುವುದು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೊರಡಬಾರದು.

ಮನೆಗೆ ಹೋಗಲು ಕಾರು ಅಥವಾ ಆಟೋರಿಕ್ಷಾ ಸೂಕ್ತ. ಅರಿವಳಿಕೆಯ ಮಂಪರಿನಲ್ಲಿ ಬೈಕಿನ ಹಿಂಬದಿಯಲ್ಲಿ ಕುಳಿತರೆ ಬೀಳುವ ಅಪಾಯವಿದೆ. ತುಂಬಿದ ಬಸ್ಸಿನಲ್ಲಿ ಗಾಯಕ್ಕೆ ಪೆಟ್ಟಾಗಬಹುದು. ಮಾತ್ರೆ, ಕಣ್ಣಿನ ಹನಿಗಳನ್ನು ಪೇಟೆಯಲ್ಲಿಯೇ ಖರೀದಿಸಿ ಹೊರಡುವುದು ಅನುಕೂಲ.

## ಮನೆಯಲ್ಲಿ ಚೇತರಿಕೆ

### ಮೊದಲ 24 ಗಂಟೆಗಳು

ಸಂಪೂರ್ಣ ಅರಿವಳಿಕೆ ಅಥವಾ ಮಂಪರು ಔಷಧ ಪಡೆದವರು ಕನಿಷ್ಠ 24 ಗಂಟೆ ವಾಹನ ಚಲಾಯಿಸಬಾರದು, ಹುಲ್ಲು ಕತ್ತರಿಸುವ ಯಂತ್ರ, ಪಂಪ್ ಮುಂತಾದವುಗಳನ್ನು ಮುಟ್ಟಬಾರದು, ಮದ್ಯ ಸೇವಿಸಬಾರದು, ಆಸ್ತಿ ಅಥವಾ ಸಾಲದ ಕಾಗದಗಳಿಗೆ ಸಹಿ ಹಾಕಬಾರದು. ತನಗೆ ಪೂರ್ತಿ ಎಚ್ಚರವಿದೆ ಎಂದು ರೋಗಿಗೆ ಅನಿಸಿದರೂ ತೀರ್ಮಾನಶಕ್ತಿ ಮತ್ತು ಪ್ರತಿಕ್ರಿಯೆಯ ವೇಗ ಮಂದವಾಗಿರುತ್ತವೆ. ಮೊದಲ ರಾತ್ರಿ ಬಚ್ಚಲಿಗೆ ಹೋಗುವಾಗ ಜೊತೆಯಲ್ಲಿ ಒಬ್ಬರಿರಬೇಕು. ವಿದ್ಯುತ್ ಕೈಕೊಡುವ ದಿನಗಳಲ್ಲಿ ಟಾರ್ಚನ್ನು ಹಾಸಿಗೆಯ ಬಳಿ ಇಟ್ಟುಕೊಳ್ಳುವುದು ಒಳ್ಳೆಯದು.

ನೋವಿನ ಮಾತ್ರೆಯನ್ನು ನೋವು ತಾರಕಕ್ಕೇರುವವರೆಗೆ ಕಾಯದೆ, ಹೇಳಿದ ಹೊತ್ತಿಗೆ ಸೇವಿಸಬೇಕು. ಮರಗಟ್ಟಿಸುವ ಔಷಧದ ಪ್ರಭಾವ ಇಳಿಯುವಾಗ, ಸಾಮಾನ್ಯವಾಗಿ ರಾತ್ರಿಯ ಹೊತ್ತಿಗೆ, ನೋವು ಒಮ್ಮೆಲೇ ಹೆಚ್ಚುವುದುಂಟು. ಲ್ಯಾಪರೊಸ್ಕೋಪಿಯ ನಂತರ ಭುಜದಲ್ಲಿ ನೋವು ಕಾಣಿಸಿಕೊಂಡರೆ, ಅದು ಹೊಟ್ಟೆಯೊಳಗೆ ತುಂಬಿದ್ದ ಇಂಗಾಲದ ಡೈಆಕ್ಸೈಡಿನ ಪರಿಣಾಮವಾಗಿರಬಹುದು. ಒಂದೆರಡು ದಿನಗಳಲ್ಲಿ ಅದು ಶಮನವಾಗುತ್ತದೆ. ಬೆನ್ನಿಗೆ ಅರಿವಳಿಕೆ ಪಡೆದ ಕೆಲವರಿಗೆ ಮುಂದಿನ ದಿನಗಳಲ್ಲಿ, ಕುಳಿತಾಗ ಹೆಚ್ಚಿ ಮಲಗಿದಾಗ ಕಡಿಮೆಯಾಗುವ ತಲೆನೋವು ಬರುತ್ತದೆ. ಇದಕ್ಕೆ ಚಿಕಿತ್ಸೆ ಇರುವುದರಿಂದ ಆಸ್ಪತ್ರೆಗೆ ತಿಳಿಸಬೇಕು.

### ಗಾಯದ ಆರೈಕೆ

ವೈದ್ಯರು ಹೇಳುವವರೆಗೆ ಪಟ್ಟಿಯನ್ನು ಒಣಗಿರುವಂತೆ ನೋಡಿಕೊಳ್ಳಬೇಕು. ಗಾಯವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಅರಿಶಿನ, ತೆಂಗಿನೆಣ್ಣೆ, ಸೊಪ್ಪಿನ ರಸ, ಬೂದಿ ಮುಂತಾದವುಗಳನ್ನು ಹೊಲಿಗೆಯ ಮೇಲೆ ಹಚ್ಚಿದರೆ ಸೋಂಕು ತಗಲುವ ಸಾಧ್ಯತೆ ಇದೆ. ಮಳೆಗಾಲದ ತೇವದಲ್ಲಿ ಬಟ್ಟೆ ಸರಿಯಾಗಿ ಒಣಗದಿರುವುದರಿಂದ, ಗಾಯಕ್ಕೆ ತಾಗುವ ಬಟ್ಟೆಗಳನ್ನು ಇಸ್ತ್ರಿ ಮಾಡಿ ಬಳಸುವುದು ಉಪಯುಕ್ತ.

### ಆಹಾರ ಮತ್ತು ನಂಜಿನ ನಂಬಿಕೆ

ಮೊದಲು ನೀರು, ಬಳಿಕ ಗಂಜಿಯಂತಹ ಮೃದು ಆಹಾರ, ವಾಕರಿಕೆ ಇಲ್ಲದಿದ್ದರೆ ಎಂದಿನ ಊಟ ಎಂಬುದು ಸಾಮಾನ್ಯ ಕ್ರಮ. ಕರಾವಳಿಯಲ್ಲಿ ಮೀನು, ಮೊಟ್ಟೆ, ಕೋಳಿ, ಬದನೆ, ಹಲಸು ಮೊದಲಾದವು ನಂಜಿನ ಪದಾರ್ಥಗಳು, ಅವುಗಳಿಂದ ಗಾಯ ಕೀವುಗಟ್ಟುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಗಾಯದಲ್ಲಿ ಕೀವಾಗುವುದು ರೋಗಾಣುಗಳ ಸೋಂಕಿನಿಂದ. ಗಾಯ ಕೂಡಿಕೊಳ್ಳಲು ಪ್ರೋಟೀನ್ ಅಗತ್ಯ. ವಾರಗಟ್ಟಲೆ ಬರೀ ಗಂಜಿ–ಉಪ್ಪಿನಕಾಯಿಯ ಪಥ್ಯದಿಂದ ವೃದ್ಧರು ಮತ್ತಷ್ಟು ನಿಶ್ಶಕ್ತರಾಗುತ್ತಾರೆ. ಅಲರ್ಜಿ ಇಲ್ಲದವರು ಮೀನು, ಮೊಟ್ಟೆ ಸೇವಿಸಬಹುದು. ಸಸ್ಯಾಹಾರಿಗಳಿಗೆ ಬೇಳೆ, ಹೆಸರುಕಾಳು, ಹಾಲು, ಮೊಸರು ಸೂಕ್ತ. ನೋವಿನ ಕೆಲವು ಮಾತ್ರೆಗಳಿಂದ ಮಲಬದ್ಧತೆ ಉಂಟಾಗುತ್ತದೆ. ಹರ್ನಿಯಾ ಮತ್ತು ಮೂಲವ್ಯಾಧಿಯ ರೋಗಿಗಳು ಮುಕ್ಕುವುದನ್ನು ತಪ್ಪಿಸಲು ಸಾಕಷ್ಟು ನೀರು, ತರಕಾರಿ, ಹಣ್ಣು ಸೇವಿಸಬೇಕು.

### ಕಣ್ಣಿನ ಪೊರೆಯ ನಂತರ

ಕಣ್ಣನ್ನು ಉಜ್ಜಬಾರದು, ರಾತ್ರಿ ರಕ್ಷಾಕವಚ ಧರಿಸಬೇಕು. ಹನಿಗಳನ್ನು ಸಾಮಾನ್ಯವಾಗಿ 4ರಿಂದ 6 ವಾರ ಕ್ರಮವಾಗಿ ಇಳಿಸುತ್ತ ಹಾಕಬೇಕಾಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಸುಮಾರು 5 ನಿಮಿಷ ಅಂತರವಿರಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಬಾವಿ, ಕೆರೆ, ಹೊಳೆಯ ನೀರು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಆದ್ದರಿಂದ ತಲೆಸ್ನಾನವನ್ನು ವೈದ್ಯರು ಹೇಳಿದ ದಿನದವರೆಗೆ ಬಿಡಬೇಕಾಗುತ್ತದೆ. ಒಲೆಯ ಹೊಗೆ, ಅಡಿಕೆ ಸುಲಿಯುವಾಗ ಏಳುವ ಧೂಳು, ಬೋರ್ಡೋ ದ್ರಾವಣದ ತುಂತುರು ಇವುಗಳಿಂದ ದೂರವಿರಬೇಕು. ಅಂಗಳ ಗುಡಿಸುವುದು, ಕೊಡಪಾನ ಎತ್ತುವುದು, ಸಾಷ್ಟಾಂಗ ನಮಸ್ಕಾರ ಮುಂತಾದ ಬಾಗುವ ಕೆಲಸಗಳನ್ನು ಆರಂಭದ ದಿನಗಳಲ್ಲಿ ಮಾಡಬಾರದು.

### ಹರ್ನಿಯಾದ ನಂತರ

ಶಸ್ತ್ರಚಿಕಿತ್ಸೆಯ ದಿನದಿಂದಲೇ ನಿಧಾನವಾಗಿ ನಡೆದಾಡಬೇಕು. ಹಾಸಿಗೆಯಲ್ಲೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಕೆಮ್ಮುವಾಗ ಗಾಯದ ಮೇಲೆ ಅಂಗೈ ಅಥವಾ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ. ಸ್ವಲ್ಪ ಬಾವು ಮತ್ತು ಕಂದುಗಟ್ಟುವಿಕೆ ಸಹಜ. ಹಗುರ ಕೆಲಸಕ್ಕೆ ಸಾಮಾನ್ಯವಾಗಿ 1–2 ವಾರಗಳಲ್ಲಿ, ಭಾರ ಎತ್ತುವ ಕೆಲಸಕ್ಕೆ 4–6 ವಾರಗಳಲ್ಲಿ ಮರಳಬಹುದು. ಅಡಿಕೆ ಮರ ಹತ್ತುವುದು, ಉದ್ದದ ದೋಟಿಯಲ್ಲಿ ಕೊಯ್ಯುವುದು ಭಾರದ ಕೆಲಸಗಳ ಸಾಲಿಗೇ ಸೇರುತ್ತವೆ.

## ಅಪಾಯದ ಚಿಹ್ನೆಗಳು

ಕೆಳಗಿನವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಬೇಕು:

- ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ
- ಉಸಿರಾಟದ ತೊಂದರೆ, ಎದೆನೋವು, ಎಚ್ಚರಿಸಲಾಗದಷ್ಟು ಮಂಪರು
- ಮಾತ್ರೆಗೂ ಜಗ್ಗದೆ ಏರುತ್ತ ಹೋಗುವ ನೋವು, ಊದುತ್ತಿರುವ ಹೊಟ್ಟೆ, ನಿಲ್ಲದ ವಾಂತಿ
- 6ರಿಂದ 8 ಗಂಟೆಗಳಾದರೂ ಮೂತ್ರ ಹೋಗದಿರುವುದು
- ಚಳಿಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ದುರ್ವಾಸನೆ
- ಒಂದು ಕಾಲಿನ ಮೀನಖಂಡದಲ್ಲಿ ನೋವು ಮತ್ತು ಬಾವು
- ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚುವ ನೋವು, ಕೆಂಪು, ಮಂಜಾಗುತ್ತಿರುವ ದೃಷ್ಟಿ

ಕೊನೆಯ ಚಿಹ್ನೆಯನ್ನು ವಿಶೇಷವಾಗಿ ಗಮನಿಸಬೇಕು. ಕಣ್ಣಿನೊಳಗಿನ ಸೋಂಕು ಅಪರೂಪವಾದರೂ ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವು ಗಂಟೆಗಳ ವಿಳಂಬದಿಂದಲೂ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಒಮ್ಮೆ ಚೆನ್ನಾಗಿ ಕಾಣಿಸಿದ ಕಣ್ಣು ಮತ್ತೆ ಮಂಜಾದರೆ ಅದನ್ನು ಚೇತರಿಕೆಯ ಭಾಗವೆಂದು ತಿಳಿಯಬಾರದು.

ಕರ್ನಾಟಕದಲ್ಲಿ 2008ರಿಂದ ಆರೋಗ್ಯ ಕವಚ ಯೋಜನೆಯ 108 ಆಂಬುಲೆನ್ಸ್ ಸೇವೆ ಇದೆ. 104 ಸಂಖ್ಯೆಯ ಆರೋಗ್ಯವಾಣಿಯಲ್ಲಿ ಸಲಹೆ ದೊರೆಯುತ್ತದೆ. ಆಂಬುಲೆನ್ಸ್ ತೋಟದೊಳಗಿನ ಮನೆಯನ್ನು ಹುಡುಕುವುದು ಕಷ್ಟವಾಗುವುದರಿಂದ, ಮುಖ್ಯ ರಸ್ತೆಯ ತಿರುವಿನ ಗುರುತನ್ನು ಸ್ಪಷ್ಟವಾಗಿ ಹೇಳಿ, ಒಬ್ಬರನ್ನು ಅಲ್ಲಿ ನಿಲ್ಲಿಸುವುದರಿಂದ ಸಮಯ ಉಳಿಯುತ್ತದೆ. ಸಮೀಪದ ಆಟೋ ಅಥವಾ ಜೀಪಿನ ಚಾಲಕರಿಗೆ ಹಿಂದಿನ ದಿನವೇ ತಿಳಿಸಿಡುವುದೂ ಉಪಯುಕ್ತ.

## ವೆಚ್ಚ ಮತ್ತು ಯೋಜನೆಗಳು

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತಲ್ಲದ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆಯಡಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಇದನ್ನು ದಿನ ಗೊತ್ತುಪಡಿಸುವ ಮೊದಲೇ ಪಡೆದುಕೊಳ್ಳಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಇದೆ.

ಖಾಸಗಿ ವಿಮೆಯಲ್ಲಿ ಡೇ ಕೇರ್ ಚಿಕಿತ್ಸೆಗೆ 24 ಗಂಟೆಗಳ ವಾಸದ ಷರತ್ತು ಅನ್ವಯಿಸುವುದಿಲ್ಲ. ಆದರೆ ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ ಮೊದಲಾದವುಗಳಿಗೆ ಹಲವು ಪಾಲಿಸಿಗಳಲ್ಲಿ ಸಾಮಾನ್ಯವಾಗಿ 2 ವರ್ಷಗಳ ಕಾಯುವ ಅವಧಿ ಇರುತ್ತದೆ. ಚಿಕಿತ್ಸೆಯ ದರದ ಹೊರತಾಗಿ ವಾಹನದ ಬಾಡಿಗೆ, ಜೊತೆಗಾರರ ಕೂಲಿಯ ನಷ್ಟ, ಮರುಭೇಟಿಯ ಪ್ರಯಾಣ ಇವು ಯಾವ ಯೋಜನೆಯಲ್ಲೂ ಸಾಮಾನ್ಯವಾಗಿ ಸೇರುವುದಿಲ್ಲ. ಹಣ ಉಳಿಸಲೆಂದು ಮರುಭೇಟಿಯನ್ನು ತಪ್ಪಿಸಿದರೆ ಆರಂಭದಲ್ಲೇ ಗುರುತಿಸಬಹುದಾದ ತೊಂದರೆ ಬೆಳೆಯುವ ಸಾಧ್ಯತೆ ಇದೆ.

## ಇವನ್ನೂ ನೋಡಿ

- ಅರಿವಳಿಕೆ
- ಕಣ್ಣಿನ ಪೊರೆ
- ಹರ್ನಿಯಾ
- ಎಂ. ಸಿ. ಮೋದಿ
- ವೆನ್‌ಲಾಕ್ ಆಸ್ಪತ್ರೆ
- ಪುತ್ತೂರು